ಬೆವರದ ಮಗಳು, ಹಳೆಯ ಕಾರು

ನನ್ನ ಮಗಳು ಬೆವರುವುದಿಲ್ಲ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ‘ಪುಣ್ಯವಂತೆ’ ಅನ್ನುತ್ತಾರೆ. ಏಪ್ರಿಲ್ ತಿಂಗಳಲ್ಲಿ ಫಾತೋರ್ಡಾದಿಂದ ಮಡಗಾಂವ್ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಸೆರಗು ಹಿಂಡುವಂತಾಗುವ ಹೆಂಗಸರಿಗೆ ಅದು ವರದ ಹಾಗೆಯೇ ಕೇಳಿಸುತ್ತದೆ. ಮೊದಮೊದಲು ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ, ಬೆವರು ಬರದ ಮೈಯೆಂದರೆ ಮುಚ್ಚಳ ಬಿಗಿದ ಪಾತ್ರೆ ಇದ್ದಂತೆ, ಒಳಗಿನ ಕಾವು ಹೊರಗೆ ಹೋಗುವುದಕ್ಕೆ ದಾರಿಯಿಲ್ಲ ಎಂದು ಹೇಳಿ ಸುಮ್ಮನಾಗುತ್ತೇನೆ. ಹುಟ್ಟಿನಿಂದಲೇ ಅವಳ ಚರ್ಮದಲ್ಲಿ ಬೆವರಿನ ಗ್ರಂಥಿಗಳಿಲ್ಲ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮುಖ ಕೆಂಪೇರಿ, ಕಣ್ಣು ತೇಲಿ, ಮೈ ಕೆಂಡವಾಗುತ್ತದೆ.

ಇದನ್ನು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ನನ್ನ ಅತ್ತೆ. ಕೂಸಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಆಸ್ಪತ್ರೆಯವರು ಸಿರಪ್ಪು ಬರೆದುಕೊಡುತ್ತಿದ್ದರು, ನಾನು ಕುಡಿಸುತ್ತಿದ್ದೆ. ಒಂದು ದಿನ ಅತ್ತೆ ಕೂಸಿನ ಅಂಗಿ ಬಿಚ್ಚಿ, ಅದನ್ನು ಹಿಂದೆಮುಂದೆ ತಿರುವಿ ನೋಡಿ, “ಇಷ್ಟು ಸೆಕಿ ಐತಿ, ಈ ಅಂಗಿ ಒಂದ ದಿನಾನೂ ಹಸಿ ಆಗಿಲ್ಲ. ಇದು ಜ್ವರ ಅಲ್ಲವ್ವಾ, ಬ್ಯಾರೆ ಏನೋ ಐತಿ” ಅಂದರು. ದೊಡ್ಡಾಸ್ಪತ್ರೆಗೆ ಒಯ್ದಾಗ ಅದೇ ನಿಜವಾಯಿತು. ಉಳಿದ ವಿಷಯಗಳಲ್ಲಿ ನಾನು ಅತ್ತೆಗೆ ಸುಲಭಕ್ಕೆ ಸೋಲುವವಳಲ್ಲ. ಈ ಒಂದರಲ್ಲಿ ಸೋತಿದ್ದೇನೆ, ಸಂತೋಷದಿಂದ.

ನಾವು ವಿಜಯಪುರದ ಕಡೆಯವರು. ಹತ್ತಿ ಹಿಂಜುವ ಮನೆತನ, ಮನೆಮಾತು ಕನ್ನಡ. ನನ್ನ ಗಂಡ ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಮಾಲು ತುಂಬುವ ಕೆಲಸಕ್ಕೆ ಬಂದವರು ಇಲ್ಲಿಯೇ ನಿಂತರು. ಬಾಡಿಗೆ ಮನೆಯ ವೈರಿಂಗು ಎಂಥ ನಾಜೂಕಿನದೆಂದರೆ ಮಿಕ್ಸರ್ ಹಚ್ಚಿದರೆ ಟಿವಿ ಕಣ್ಣು ಮುಚ್ಚುತ್ತದೆ. ಅದಕ್ಕೆ ಎಸಿ ಹಾಕುವುದು ಆಗದ ಮಾತು. ಮನೆಯೊಳಗೆ ಫ್ಯಾನಿನ ಕೆಳಗೆ ಒದ್ದೆ ಟವೆಲ್ ಹೊದಿಸಿ ಹೇಗೋ ಕಾಯುತ್ತಿದ್ದೆವು. ಹೊರಗೆ ಹೋಗುವುದೇ ಕಷ್ಟ. ಅದಕ್ಕೆಂದೇ ಕಾರು ತೆಗೆದುಕೊಂಡೆವು. ನಮ್ಮ ಕೈಗೆ ಬರುವ ಮೊದಲು ಅದು ಇಬ್ಬರ ಕೈ ದಾಟಿತ್ತು. ಬಣ್ಣ ಕೆಂಪೋ ಕಂದೋ ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ಒಂದು ಬಾಗಿಲನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ. ಆದರೆ ಎಸಿ ಹಚ್ಚಿದರೆ ಹಲ್ಲು ಕಟಕಟ ಅನ್ನುವಷ್ಟು ತಂಪು. ನಾನು ಡ್ರೈವಿಂಗ್ ಕಲಿತೆ. “ಸೊಸಿ ಗಾಡಿ ಹೊಡಿಯಾಕತ್ತಾಳ, ಇನ್ನ ಅಡಗಿ ಯಾರ ಮಾಡಾವ್ರು” ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳಿದರು. ಮಾರನೆಯ ದಿನದಿಂದ ನನಗಿಂತ ಮೊದಲು ಕಾರಿನಲ್ಲಿ ಕೂತಿರುತ್ತಿದ್ದವರೂ ಅವರೇ.

ಹೊರಗೆ ಆಡಲಾಗದ ಹುಡುಗಿ ಒಳಗೇ ಕೂತು ಕೇರಂ ಕಲಿತಳು. ಅಪ್ಪನ ಜೊತೆ ಆಡಿದಳು, ದಾದಿ ಎಂದು ಅವಳು ಕರೆಯುವ ಅಜ್ಜಿಯ ಜೊತೆ ಆಡಿದಳು, ಯಾರೂ ಇಲ್ಲದಾಗ ಎರಡೂ ಕಡೆ ತಾನೇ ಕೂತು ಆಡಿದಳು. ಆಗ ನಮಗೆ ಒಂದು ಸಂಗತಿ ಗೊತ್ತಾಯಿತು. ಸೆಕೆಯಲ್ಲಿ ಎಲ್ಲರ ಬೆರಳೂ ಜಿಗಟಾಗುತ್ತದೆ, ಸ್ಟ್ರೈಕರ್ ಅಂಟಿ ಗುರಿ ತಪ್ಪುತ್ತದೆ, ಆಟಗಾರರು ಕೈ ಒರೆಸಿಕೊಂಡು ಒರೆಸಿಕೊಂಡು ಬೇಸತ್ತುಹೋಗುತ್ತಾರೆ. ಇವಳ ಬೆರಳು ಮಾತ್ರ ಸದಾ ಒಣಗಿರುತ್ತದೆ. ದೇವರು ಒಂದು ಕೈಯಿಂದ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಿಂದ ಅಷ್ಟಿಷ್ಟು ಕೊಟ್ಟನೋ ಏನೋ. ಶಾಲೆಯಲ್ಲಿ ಗೆದ್ದಳು, ತಾಲೂಕಿನಲ್ಲಿ ಗೆದ್ದಳು. ಹೋದ ವರ್ಷ ಏಪ್ರಿಲ್‌ನಲ್ಲಿ ಗಣಿಗಳ ಕಡೆಯ ಸಾವರ್ಡೆಯ ಒಂದು ಹಾಲ್‌ನಲ್ಲಿ ದೊಡ್ಡ ಪಂದ್ಯವಿದೆ, ಭಾನುವಾರ ಬರಬೇಕು ಎಂದು ಕರೆ ಬಂತು.

ಎಸಿ ಕೈಕೊಟ್ಟದ್ದು ಆಗಲೇ. ಹೊರಟಾಗ ತಂಪು ಬರುತ್ತಿತ್ತು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿಯೇ ನಿಂತುಹೋಗುತ್ತಿತ್ತು. ಒಳಗೆ ಫ್ಯಾನು ಗುಂಯ್ ಅನ್ನುತ್ತಿತ್ತು, ಹೊರಗೆ ಉಸಿರಿನಷ್ಟೂ ಗಾಳಿಯಿಲ್ಲ. ಬಂದ್ ಮಾಡಿ ನಿಲ್ಲಿಸಿದರೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತಿತ್ತು.

ಬಾಡಿಗೆ ಟ್ಯಾಕ್ಸಿ ಮಾಡಿದರಾಯಿತು ಎಂದು ಗಂಡ ಬಂದರಿನಿಂದ ಫೋನಿನಲ್ಲಿ ಹೇಳಿದರು. ಫೋನಿನಲ್ಲಿ ಎಲ್ಲವೂ ಸುಲಭ. ಹೋಗಿ ಬರುವುದಷ್ಟೇ ಆಗಿದ್ದರೆ ಟ್ಯಾಕ್ಸಿ ಸಾಕಿತ್ತು. ಕೇರಂ ಹಾಲ್‌ನಲ್ಲಿ ಪೌಡರ್ ಹಾರುತ್ತದೆಂದು ಫ್ಯಾನು ಹಾಕುವುದಿಲ್ಲ. ಒಂದೊಂದು ಆಟ ಮುಗಿದ ಮೇಲೂ ಅವಳು ಹೊರಗೆ ಬಂದು ತಣ್ಣನೆಯ ಕಾರಿನಲ್ಲಿ ಕೂತು, ಮೈ ಆರಿಸಿಕೊಂಡು ಹೋಗಬೇಕು. ಯಾವ ಟ್ಯಾಕ್ಸಿಯವನು ಇಡೀ ದಿನ ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿರುತ್ತಾನೆ? ನಮ್ಮ ಕಾರು ಸರಿಯಾಗದಿದ್ದರೆ ಅವಳು ಆಡುವ ಹಾಗಿಲ್ಲ, ಮಾತು ಅಲ್ಲಿಗೆ ಮುಗಿಯಿತು. ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. “ಆದರ ಹೋಗೂಣು, ಇಲ್ಲಂದ್ರ ಬಿಡು ಅಮ್ಮಿ” ಅಂದಳು. ಬಿಡುವುದು ಅವಳಿಗೆ ಅಷ್ಟು ರೂಢಿಯಾಗಿಬಿಟ್ಟಿತ್ತು.

ಫಾತೋರ್ಡಾದಲ್ಲೇ ಗದಗದ ಕಡೆಯ ಒಬ್ಬ ಮೇಸ್ತ್ರಿ ಇದ್ದಾರೆ, ಕಾರಿನ ಎಸಿ ಕೆಲಸವನ್ನೇ ಮಾಡುವವರು. ಕೈಗಿಂತ ಬಾಯಿ ಮುಂದು. ಮೊದಲ ಸಲ ಹೋದಾಗ ಮೀಟರ್ ಹಚ್ಚಿ ನೋಡಿ, “ಗ್ಯಾಸ್ ಕಮ್ಮಿ ಆಗೇತಿ ತಂಗಿ, ಮತ್ತೇನಿಲ್ಲ” ಎಂದು ಗ್ಯಾಸ್ ತುಂಬಿದರು. ಎರಡು ದಿನ ಚಲೋ ನಡೆಯಿತು. ಎರಡನೆಯ ಸಲ ಮುಂದಿನ ಜಾಲರಿಗೆ ನೀರು ಹೊಡೆದು ತೊಳೆದು, “ಗಣಿ ಧೂಳು ನೋಡ್ರಿ, ಅದರ ಸಲುವಾಗಿನ” ಅಂದರು. ಗುರುವಾರ ಒಂದು ದಿನ ನಡೆಯಿತು. ಶುಕ್ರವಾರ ಬೆಳಿಗ್ಗೆ ಗಾಳಿ ಪೂರ್ತಿ ನಿಂತಿತು. ಪಂದ್ಯಕ್ಕೆ ಮುಂಚೆ ಉಳಿದದ್ದು ಶನಿವಾರ ಒಂದೇ. ನಾನು ಮೇಸ್ತ್ರಿಯ ಮುಂದೆ ಹೋಗಿ ನಿಂತು, ಇವತ್ತು ರೋಗ ಗೊತ್ತಾಗದೆ ನಾನು ಇಲ್ಲಿಂದ ಕದಲುವುದಿಲ್ಲ ಎಂದುಬಿಟ್ಟೆ.

ಅತ್ತೆಯೂ ಬಂದಿದ್ದರು. ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಬಂದರೆ ಒಳ್ಳೆಯ ಸಾಮಾನು ತೆಗೆದು ಹಳೆಯದನ್ನು ಹಾಕುತ್ತಾರೆ ಎಂಬುದು ಅವರ ಸಿದ್ಧಾಂತ. ನಮ್ಮ ಕಾರಿನಲ್ಲಿ ಕದಿಯುವಂಥದ್ದು ಏನಿದೆ ಎಂದು ನಾನು ಕೇಳಿದ್ದೆ. ಅವರು ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗೋಡೆಗೆ ಆನಿಸಿಕೊಂಡು ಪೊಲೀಸರ ಹಾಗೆ ಕೂತರು.

“ಡ್ಯಾಶ್‌ಬೋರ್ಡ್ ಬಿಚ್ಚಬೇಕಾಕ್ಕೈತಿ ತಂಗಿ. ಕೂಲಿಂಗ್ ಕಾಯಿಲ್ ಅದರ ಹಿಂದ ಕುಂತೈತಿ. ಗಾಳಿ ಅದರೊಳಗಿಂದ ಹಾದು ತಂಪಾಗಿ ಬರತೈತಿ. ಅಲ್ಲೇ ಏನೋ ತಡದೈತಿ,” ಅಂದರು ಮೇಸ್ತ್ರಿ.

ಬಿಚ್ಚುವುದೆಂದರೆ ಸುಮ್ಮನೆ ಅಲ್ಲ. ಸ್ಕ್ರೂ ಮೇಲೆ ಸ್ಕ್ರೂ, ವೈರಿನ ಗೊಂಚಲು, ಒಂದು ತೆಗೆದರೆ ಅದರ ಹಿಂದೆ ಇನ್ನೊಂದು. ಮುಂಭಾಗವೆಲ್ಲ ನೆಲದ ಮೇಲೆ ಹರಡಿಕೊಂಡಾಗ, ಇದು ಮತ್ತೆ ಕಾರಾಗುತ್ತದೆ ಎಂಬ ನಂಬಿಕೆಯೇ ನನಗೆ ಹೋಯಿತು. ಕೊನೆಗೆ ಎಡಗಡೆ ಕಾಲಿಡುವ ಜಾಗದ ಮೇಲಿನಿಂದ ಮೇಸ್ತ್ರಿ ಒಂದು ಚೌಕದ ಪೆಟ್ಟಿಗೆಯನ್ನು ಎಳೆದರು. ಅದರೊಳಗಿನ ಕಾಯಿಲ್‌ನಲ್ಲಿ ತೆಳ್ಳನೆಯ ತಗಡಿನ ರೆಕ್ಕೆಗಳು ಒತ್ತೊತ್ತಾಗಿ ಇರಬೇಕಂತೆ, ನಡುವೆ ಗಾಳಿ ಹಾಯಬೇಕಂತೆ. ಇಲ್ಲಿ ರೆಕ್ಕೆಯೇ ಕಾಣಲಿಲ್ಲ. ಕಂದುಬಣ್ಣದ ಜಿಗುಟು ಪದರವೊಂದು ಕಂಬಳಿಯಂತೆ ಇಡಿಯಾಗಿ ಹೊದ್ದುಕೊಂಡಿತ್ತು.

“ಇದೇನಿದು? ಧೂಳಂದ್ರ ಧೂಳಲ್ಲ, ಎಣ್ಣಿಯಂದ್ರ ಎಣ್ಣಿಯಲ್ಲ,” ಎಂದು ಮೇಸ್ತ್ರಿ ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದರು. “ನಮ್ಮೂರ ದರ್ಗಾದೊಳಗ ಹೊಕ್ಕಂಗ ಆತು ನೋಡ್ರಿ. ಲೋಬಾನ.”

ಅದು ಲೋಬಾನವೇ. ಪ್ರತಿ ಗುರುವಾರ ಸಂಜೆ ನಮಾಜು ಮುಗಿಸಿ ಅತ್ತೆ ಮಣ್ಣಿನ ಧೂಪದಾನಿಯಲ್ಲಿ ಕೆಂಡ ಹಾಕಿಕೊಂಡು, ಲೋಬಾನದ ಪುಡಿ ಉದುರಿಸಿ, ಮನೆಗೆಲ್ಲ ಹೊಗೆ ತೋರಿಸಿ ಕೊನೆಗೆ ಕಾರಿಗೆ ಬರುತ್ತಿದ್ದರು. ಸುಮ್ಮನೆ ಒಂದು ಸುತ್ತು ಹಾಕಿದರೆ ಅವರಿಗೆ ಸಮಾಧಾನವಿಲ್ಲ. ಮುಂದಿನ ಸೀಟಿನ ಕಾಲ ಬುಡದಲ್ಲಿ ಧೂಪದಾನಿ ಇಟ್ಟು, ಗಾಜು ಏರಿಸಿ, ಒಳಗಿನ ಗಾಳಿ ಒಳಗೇ ತಿರುಗುವ ಹಾಗೆ ಎಸಿ ಹಚ್ಚಿಸುತ್ತಿದ್ದರು. “ಈ ಗಾಳಿ ನನ್ನ ಮೊಮ್ಮಗಳ ಎದಿಯೊಳಗ ಹೋಗತೈತಿ. ಅದು ಹುಟ್ಟೋ ಜಾಗಕ್ಕ ಲೋಬಾನ ಮುಟ್ಟಬೇಕು” ಅನ್ನುತ್ತಿದ್ದರು. ಕೀಲಿ ತಿರುಗಿಸುತ್ತಿದ್ದವಳು ನಾನು. ಪೆಟ್ರೋಲು ಸುಡುತ್ತದೆ ಎಂದು ಗೊಣಗುತ್ತಿದ್ದೆನೇ ಹೊರತು ಬೇರೆ ಯೋಚನೆ ನನಗೂ ಬಂದಿರಲಿಲ್ಲ. ಕಾರು ಬಂದಾಗಿನಿಂದ ಒಂದು ಗುರುವಾರವೂ ತಪ್ಪಿರಲಿಲ್ಲ. ಹಿಂದಿನ ದಿನವಂತೂ ಭಾನುವಾರದ ಆಟಕ್ಕೆಂದು ಇನ್ನೆರಡು ಮುಷ್ಟಿ ಹೆಚ್ಚಿಗೆ ಹಾಕಿದ್ದರು.

ಮೇಸ್ತ್ರಿಗೆ ಇದೇನೂ ಗೊತ್ತಿಲ್ಲ. ಎರಡು ಸಲ ರೋಗ ಸಿಗದೆ ಮಾನ ಹೋಗಿತ್ತಲ್ಲ, ಈಗ ಸಿಕ್ಕಿದ ಹುರುಪಿನಲ್ಲಿ ಬಾಯಿ ಬಿಟ್ಟರು. “ಎಸಿ ಹಚ್ಚಿ ಒಳಗ ಹೊಗಿ ಹಾಕ್ಯಾರ. ಆ ಅಂಟು ಹೋಗಿ ಹಸೀ ಕಾಯಿಲಿಗೆ ಮೆತ್ತಿ, ಅದರ ಮ್ಯಾಲೆ ಧೂಳು ಕುಂತು ಗಾಳಿ ಹಾದೀನ ಬಂದ್ ಆಗೇತಿ. ಗಾಳಿ ಇಲ್ಲಂದ ಕೂಡ್ಲೆ ಬರ್ಫ ಕಟ್ಟತೈತಿ. ಯಾರ್ರಿ ಇದನ್ನ ಮಾಡಿದವ್ರು? ತಲಿಯಾಗ ಏನರ ಐತೇನು ಅವರಿಗೆ?”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಎಣ್ಣೆ ಕುಡಿದ ಗ್ಯಾರೇಜಿನ ನೆಲದ ಮೇಲೆ ತಾನಾಗಿ ಬಂದು ನಿಂತಿತ್ತು. ಸಾರಿಗೆ ಉಪ್ಪು ಹೆಚ್ಚು, ರೊಟ್ಟಿ ದಪ್ಪ, ಮಗಳ ಟವೆಲ್ ಸರಿಯಾಗಿ ಹಿಂಡಿಲ್ಲ, ಬ್ರೇಕು ಜೋರಾಗಿ ಹಾಕಿದೆ ಎಂದು ಮದುವೆಯಾದಾಗಿನಿಂದ ಕೇಳಿಸಿಕೊಂಡಿದ್ದಕ್ಕೆಲ್ಲ ಒಂದೇ ಏಟಿಗೆ ಬಡ್ಡಿ ಸಮೇತ ತೀರಿಸಬಹುದಿತ್ತು. ತಿರುಗಿ ಅವರ ಮುಖ ನೋಡಿದೆ. ಅವರು ಕುರ್ಚಿಯಲ್ಲಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿ ಹಿಡಿದು ಆ ಕಾಯಿಲನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ತಿಳಿದಿತ್ತು. ಅಂಥ ಮುಖವನ್ನು ನಾನು ಅವರಲ್ಲಿ ಯಾವತ್ತೂ ಕಂಡಿರಲಿಲ್ಲ, ನನ್ನ ಮಾವ ತೀರಿದ ದಿನವೂ ಕಂಡಿರಲಿಲ್ಲ.

“ನಮಗೂ ಮೊದಲ ಈ ಗಾಡಿ ಯಾರ್ಯಾರ ಕಡೆ ಇತ್ತೋ ಅಣ್ಣಾರ, ನಮಗೇನ ಗೊತ್ತು. ಸಿಗರೇಟ ಸೇದವ್ರು ಇದ್ದಿರಬೇಕು,” ಅಂದೆ.

“ಸಿಗರೇಟ ವಾಸನಿ ನನಗ ತಿಳಿಯಂಗಿಲ್ಲೇನು ತಂಗಿ?”

ಅತ್ತೆ ಎದ್ದರು. ಕುರ್ಚಿ ವಾಲಿ ಬಿತ್ತು. ಹತ್ತಿರ ಬಂದು, “ಅಕಿ ಸುಳ್ಳ ಹೇಳಾಕತ್ತಾಳ. ನಾನ ಹಾಕೀನಿ,” ಅಂದರು.

ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ನಿಂತರು. ಅತ್ತೆ ಎಲ್ಲವನ್ನೂ ಹೇಳಿದರು. ಬೆವರದ ಮೊಮ್ಮಗಳು, ಗುರುವಾರದ ಧೂಪದಾನಿ, ಭಾನುವಾರದ ಆಟ, ಏನನ್ನೂ ಬಿಡಲಿಲ್ಲ. ಕೊನೆಗೆ, “ಅಕಿಗೆ ಯಾರ ಕಣ್ಣೂ ತಾಗಬಾರದಂತ ಹಾಕೀನಪ್ಪಾ. ನನ್ನ ಹೊಗಿನ ತಾಗಿತಲ್ಲ,” ಅಂದರು.

ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಬಾಯಿಗೆ ಬಂದಂಗ ಅಂದಬಿಟ್ನಿ, ಮನಸಿಗೆ ಹಚ್ಚಿಕೋಬ್ಯಾಡ್ರಿ ಅಮ್ಮಾರ. ನಾ ಮೊದಲ ಗಾಡಿ ತಗೊಂಡಾಗ ನಮ್ಮವ್ವ ಏನ ಮಾಡಿದ್ಲು ಗೊತ್ತೇನ್ರಿ? ಇಂಜಿನ್ನು ತಂಪಿರಲಿ ಅಂತ ರೇಡಿಯೇಟರಿನಾಗ ದೇವರ ಪಂಚಾಮೃತ ಸುರುವಿದ್ಲು. ಹಾಲು, ಮೊಸರು, ಬಾಳಿಹಣ್ಣು, ಎಲ್ಲಾ. ಮೂರು ದಿನಾ ತೊಳದೀನ್ರಿ. ಇಂಥಾವು ಮನಿಮನಿಗೂ ಅದಾವು,” ಅಂದರು. ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ.

ಹೊಸ ಕಾಯಿಲ್ ತರಿಸೋಣವೆಂದರೆ ಅಷ್ಟು ಹಳೆಯ ಗಾಡಿಯ ಸಾಮಾನು ಗೋವಾದಲ್ಲಿ ಸಿಗುವುದಿಲ್ಲ, ಹೊರಗಿನಿಂದ ಬರಲು ಮುಂದಿನ ವಾರವಾಗುತ್ತದೆ. ಇದನ್ನೇ ತೊಳೆದು ಹಾಕಬೇಕು. ಯಂತ್ರದಿಂದ ನೀರು ಹೊಡೆದರೆ ಹಳೆಯ ರೆಕ್ಕೆಗಳು ಮಡಚಿಹೋಗುತ್ತವೆ, ಕೈಯಿಂದಲೇ ಆಗಬೇಕು. ಮೇಸ್ತ್ರಿ ಬಕೆಟ್ ತರುವ ಮೊದಲೇ ಅತ್ತೆ ಸೆರಗು ಸಿಕ್ಕಿಸಿ ಗ್ಯಾರೇಜಿನ ಮುಂದಿನ ನೆರಳಿನಲ್ಲಿ ಕೂತಿದ್ದರು.

“ನೀವ್ಯಾಕ್ರಿ ಅಮ್ಮಾರ, ನಾ ಮಾಡತೇನಿ.”

“ನಾ ಹಾಕಿದ್ದು ನಾನ ತಗೀತೇನಿ. ಹೆಂಗ ಅಂತ ತೋರಸು, ಸಾಕು.”

ಬಿಸಿನೀರು, ಸೋಪಿನ ಪುಡಿ, ಮೆತ್ತಗಿನ ಬ್ರಷ್ಷು. ರೆಕ್ಕೆ ಇದ್ದ ದಿಕ್ಕಿಗೇ ತಿಕ್ಕಬೇಕು, ಅಡ್ಡ ತಿಕ್ಕಬಾರದು ಎಂದು ಮೇಸ್ತ್ರಿ ಒಂದು ಸಲ ತೋರಿಸಿದರು. ನಾನು ಚೊಂಬಿನಿಂದ ನೀರು ಹಾಕುತ್ತಾ ಹೋದೆ, ಅತ್ತೆ ತಿಕ್ಕುತ್ತಾ ಹೋದರು. ಚಹಾದ ಬಣ್ಣದ ನೀರು ನಮ್ಮ ಕಾಲ ಕೆಳಗಿನಿಂದ ಹರಿದು ಗಟಾರಕ್ಕೆ ಹೋಯಿತು. ಇಡೀ ಓಣಿಗೆ ಲೋಬಾನದ ವಾಸನೆ. ರಸ್ತೆಯಲ್ಲಿ ಹೋಗುತ್ತಿದ್ದ ಕೊಂಕಣಿ ಹೆಂಗಸೊಬ್ಬಳು ನಿಂತು ಮೂಗರಳಿಸಿ, ಸುತ್ತ ನೋಡಿ ಮುಂದೆ ಹೋದಳು. ಮಧ್ಯಾಹ್ನದ ಊಟ ಎಂದು ನಾನು ಎರಡು ಸಲ ನೆನಪು ಮಾಡಿದೆ. ಅತ್ತೆಯ ಮುಖದಿಂದ ಬೆವರು ಧಾರೆಯಾಗಿ ಇಳಿದು ಬಕೆಟ್ಟಿಗೆ ಬೀಳುತ್ತಿತ್ತು.

“ಸಾಕ್ರಿ ಅತ್ತಿ, ಏಳ್ರಿ. ಬೆಳ್ಳಗಾತು.”

“ಇನ್ನೂ ಬರಾಕತ್ತೈತಿ ನೋಡು.”

ನೀರು ತಿಳಿಯಾಗಿತ್ತು. ನನ್ನ ಕಣ್ಣಿಗೆ ಕೊಳೆ ಏನೂ ಕಾಣುತ್ತಿರಲಿಲ್ಲ. ಅವರ ಮೇಲೆ ನನಗೆ ಎಂದೂ ಇಲ್ಲದ ಅಂತಃಕರಣ ಬಂತು. ಇನ್ನೂ ನಾಲ್ಕು ಚೊಂಬು ನೀರು ಹಾಕಿದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಎಲ್ಲ ಜೋಡಿಸಿ ಗ್ಯಾಸ್ ತುಂಬಿದರು. ಎರಡು ಸ್ಕ್ರೂ ಉಳಿದವು. “ಹಳೇ ಗಾಡಿ ಬಿಚ್ಚಿದ್ರ ಉಳೀತಾವು, ಚಿಂತಿ ಬ್ಯಾಡ” ಅಂದರು. ಎಸಿ ಹಚ್ಚಿದಾಗ ಗಾಳಿ ನುಗ್ಗಿ ಬಂದು ನನ್ನ ತಲೆಯ ಮೇಲಿನ ಸೆರಗು ಹಾರಿತು. ಊರೆಲ್ಲ ಸುತ್ತಿಸಿ ನೋಡಿದೆ, ಗಾಳಿ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಬಾಗಿಲಲ್ಲೇ ನಿಂತರು. “ನಾ ಬರಂಗಿಲ್ಲ. ನೀವು ಹೋಗಿ ಬರ್ರಿ,” ಅಂದರು. ಕಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿಯೇ ಇದ್ದರು, ತಾವು ಮುಟ್ಟಿದರೆ ಮತ್ತೆ ಕೆಡುತ್ತದೆ ಅನ್ನುವ ಹಾಗೆ. ನಾನು ಗ್ಯಾರೇಜಿನ ಕಥೆಯನ್ನು ಮಗಳಿಗೆ ಹೇಳಿರಲಿಲ್ಲ. ಅತ್ತೆಯೇ ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಂಡಿದ್ದರು. ಮಗಳು ಕಾರಿನಿಂದ ಇಳಿದು ಬಂದು ಅವರ ಕೈ ಹಿಡಿದಳು. “ದಾದಿ, ಬಿಸಲಾಗ ನನಗ ಭಾಳ ಹೊತ್ತು ನಿಲ್ಲಾಕ ಬರಂಗಿಲ್ಲ. ನೀ ಬರೂತನಕಾ ಇಲ್ಲೇ ನಿಲ್ಲತೇನಿ ನೋಡು,” ಅಂದಳು. ಅತ್ತೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಅವಳನ್ನು ದೂಡಿಕೊಂಡು ಕಾರಿಗೆ ಬಂದರು. ಅರ್ಧ ದಾರಿಯಲ್ಲಿ ಅದು ಗೊತ್ತಾಗಿ ಮೂವರೂ ನಕ್ಕೆವು.

ಆಟದ ಫಲವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಜೆ ಸೆಮಿಫೈನಲ್‌ನಲ್ಲಿ ಅವಳು ಸೋತಳು. ಕುಡ್ಚಡೆಯ ಒಬ್ಬ ಹುಡುಗಿ ಚೆನ್ನಾಗಿ ಆಡಿ ಗೆದ್ದಳು, ಅದರಲ್ಲಿ ದೂರುವಂಥದ್ದು ಏನಿಲ್ಲ. ನನಗೆ ನೆನಪಿರುವುದು ನಡುಮಧ್ಯಾಹ್ನ.

ಹಾಲ್‌ನ ಪಕ್ಕದ ಮಾವಿನ ಮರದ ಕೆಳಗೆ ಕಾರು ನಿಲ್ಲಿಸಿ ಇಂಜಿನ್ ಚಾಲೂ ಇಟ್ಟಿದ್ದೆ. ಅದಿರಿನ ಲಾರಿಗಳು ಹೋದಾಗೆಲ್ಲ ಗಾಜಿನ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಎರಡೂ ಅಂಗೈಗಳನ್ನು ಗಾಳಿ ಬರುವ ಕಿಂಡಿಗೆ ಒಡ್ಡಿ ಹಿಡಿದಿದ್ದರು. ಬಂದಾಗಿನಿಂದ ಹಾಗೇ ಕೂತಿದ್ದರು, ಚಹಾ ತಂದುಕೊಟ್ಟರೆ ಕೈ ತೆಗೆಯಬೇಕಾಗುತ್ತದೆಂದು ಕುಡಿಯಲಿಲ್ಲ.

“ಅತ್ತಿ, ಕೈ ತಗೀರಿ. ಮರಗಟ್ಟತಾವು.”

“ಕಟ್ಟಲಿ ಬಿಡು. ಗಾಳಿ ನಿಂತ್ರ ನನಗ ಮೊದಲ ಗೊತ್ತಾಗಬೇಕು.”

ಮೂರನೆಯ ಆಟ ಬಹಳ ಹೊತ್ತು ನಡೆಯಿತು. ಕೊನೆಗೆ ಹಾಲ್‌ನ ಬಾಗಿಲಲ್ಲಿ ಮಗಳು ಕಾಣಿಸಿದಳು. ಮುಖ ರಕ್ತ ಚಿಮ್ಮುವಷ್ಟು ಕೆಂಪು, ನಡಿಗೆ ತೂರಾಡುತ್ತಿತ್ತು. ಕಾರಿನ ಬಾಗಿಲು ತೆಗೆದು ಒಳಗೆ ಕುಸಿದಳು. ಗೆದ್ದೆ ಎಂದು ಹೇಳುವುದಕ್ಕೂ ಉಸಿರಿರಲಿಲ್ಲ, ಬೆರಳು ಮಾತ್ರ ಎತ್ತಿ ತೋರಿಸಿದಳು. ನಾನು ಒದ್ದೆ ಟವೆಲ್ಲಿಗೆ ತಡಕಾಡಿದೆ. ಅಷ್ಟರಲ್ಲಿ ಅತ್ತೆ ಹಿಂದಕ್ಕೆ ತಿರುಗಿ ತಮ್ಮ ಎರಡೂ ಅಂಗೈಗಳನ್ನು ಅವಳ ಕೆನ್ನೆಗಳ ಮೇಲೆ ಇಟ್ಟರು.

ಮಗಳು ಕಣ್ಣು ಮುಚ್ಚಿದಳು. ಅವಳ ಉಸಿರು ನಿಧಾನಕ್ಕೆ ಇಳಿಯುತ್ತಾ ಬಂತು. ಟವೆಲ್ ಹಿಡಿದು ನಾನು ಕೈ ಚಾಚಿದಾಗ ಬೇಡವೆಂದು ತಲೆಯಾಡಿಸಿದಳು.

“ದಾದಿ, ನಿನ್ನ ಕೈ ಎಷ್ಟ ತಂಪ ಅದಾವು,” ಅಂದಳು. “ತಗೀಬ್ಯಾಡ, ಹಂಗ ಇಡು.”